ಹೊತ್ತವಳ ಪಾಲು

ಘಾಟಿಯ ಬುಡದ ಮುರಮಂಗದ ಬಸ್ ನಿಲ್ದಾಣದಲ್ಲಿ ಬೆಳಗ್ಗೆ ಆರೂವರೆಗೆ ಫಾರಾ ತನ್ನ ಗಂಡನನ್ನು ವ್ಯಾನಿನ ಮೇಲಕ್ಕೆ ಹತ್ತಿಸಿದಳು. ಅವನು ಸತ್ತು ನಾಲ್ಕು ವರ್ಷವಾಗಿತ್ತು. ಐದು ಚಾಪೆಗಳನ್ನು ಒಂದರ ಮೇಲೊಂದು ಸುತ್ತಿ, ನಾರಿನ ಹಗ್ಗದಿಂದ ಮೂರು ಕಡೆ ಬಿಗಿದ ಸುರುಳಿಯ ನಟ್ಟನಡುವೆ, ಒಂದು ಹಳೆಯ ಬಟ್ಟೆಯಲ್ಲಿ ಅವನ ಮೂಳೆಗಳಿದ್ದವು. ನೋಡಿದವರಿಗೆ ಅವಳು ಕರಾವಳಿಯಿಂದ ಚಾಪೆ ಮಾರಲು ಬೆಟ್ಟ ಹತ್ತುತ್ತಿರುವ ಹೆಂಗಸು, ಅಷ್ಟೇ.

"ಏನಕ್ಕಾ, ಒಳಗೇನೋ ಲೊಟಲೊಟ ಅಂತಿದೆ?" ಮೇಲೆ ನಿಂತಿದ್ದ ಕಂಡಕ್ಟರ್ ಕೇಳಿದ.

"ಕೊಬ್ಬರಿ ಚಿಪ್ಪಿನ ಸೌಟು ಕಣಪ್ಪಾ. ಮೆಲ್ಲಗೆ ಇಡು. ಮೇಲೆ ಏನೂ ಹೇರ್ಬೇಡ."

"ಹೇರಿದ್ರೆ ನಿನ್ ಚಾಪೆ ಉಸಿರು ಕಟ್ಕೊಂಡು ಸಾಯುತ್ತಾ?" ಎಂದು ನಕ್ಕು, ಅವನು ಅದರ ಮೇಲೆಯೇ ಎರಡು ಕೋಳಿ ಬುಟ್ಟಿ, ಒಂದು ಸೈಕಲ್ಲು ಇಟ್ಟು ಹಗ್ಗ ಎಳೆದ. ಫಾರಾ ಹಲ್ಲು ಕಚ್ಚಿಕೊಂಡು ನಿಂತಳು. ಬಾಯಿ ಬಿಟ್ಟರೆ ಕೆಡುವುದು ತನ್ನ ಕೆಲಸವೇ ಎಂದು ಅವಳಿಗೆ ಗೊತ್ತಿತ್ತು.

ನಮ್ಮಲ್ಲಿ ಸತ್ತವರು ಬದುಕಿದವರ ಜೊತೆ ಒಂದೇ ಗಾಡಿಯಲ್ಲಿ ಹೋಗುವಂತಿಲ್ಲ. ಇಡೀ ಗಾಡಿಯನ್ನೇ ಬಾಡಿಗೆಗೆ ಹಿಡಿದು, ಮೇಲೆ ಬಾವುಟ ಕಟ್ಟಿ, ನೆಂಟರಿಷ್ಟರನ್ನು ತುಂಬಿಕೊಂಡು ಹಾಡುತ್ತ ಹೋಗಬೇಕು. ಫಾರಾಗೆ ಗಾಡಿ ಹಿಡಿಯುವ ತಾಕತ್ತೂ ಇರಲಿಲ್ಲ, ಹಾಡುವ ನೆಂಟರೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಇದ್ದದ್ದು ಗಂಡನ ಮೂಳೆ ಅಗೆದು ಒಯ್ಯಲು ಊರಾಡಳಿತ ಕೊಟ್ಟ ಒಂದು ಅನುಮತಿ ಪತ್ರ, ಅದನ್ನು ರವಿಕೆಯೊಳಗೆ ಇಟ್ಟುಕೊಂಡಿದ್ದಳು. ಜೊತೆಗೆ ಗಂಡನ ಅಕ್ಕ ರವಾಹಂಗಿ ಫೋನಿನಲ್ಲಿ ಹೇಳಿದ ಮಾತು.

"ಗುರುವಾರ ಮನೆತನದ ಗೋರಿ ತೆಗೀತೀವಿ, ಹಿರಿಯರ ಮೂಳೆಗೆಲ್ಲ ಹೊಸ ರೇಷ್ಮೆ ಸುತ್ತೋಕೆ. ಹೊತ್ತು ಮುಳುಗೋ ಮುಂಚೆ ಮುಚ್ತೀವಿ. ಜೋಯಿಸರು ಇನ್ನೊಂದು ದಿನ ಕೊಟ್ಟಿರೋದು ಏಳು ವರ್ಷ ಆದ್ಮೇಲೆ. ಬಂದ್ರೆ ಬಾ."

ಇವತ್ತೇ ಆ ಗುರುವಾರ. ಫಾರಾಗೆ ಐವತ್ತನಾಲ್ಕು ತುಂಬಿತ್ತು, ಎರಡೂ ಮಂಡಿ ಸವೆದಿದ್ದವು. ಇನ್ನು ಏಳು ವರ್ಷಕ್ಕೆ ತಾನು ಇರುತ್ತೇನೋ ಇಲ್ಲವೋ, ಇಲ್ಲದಿದ್ದರೆ ಗಂಡ ನಾರಿವೆಲುವನ್ನು ಅಲ್ಲಿಗೆ ತಲುಪಿಸುವವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಅವನು ಬೆಟ್ಟದ ದೊಡ್ಡ ಮನೆತನದವನು. ತಮತಾವ್ ಬಂದರಿಗೆ ಗುಮಾಸ್ತನಾಗಿ ಇಳಿದವನು ಇವಳನ್ನು ಕಟ್ಟಿಕೊಂಡು ಅಲ್ಲೇ ಉಳಿದುಬಿಟ್ಟ. ಎದೆಯ ಕಾಯಿಲೆಯಲ್ಲಿ ಉಸಿರು ಸಿಕ್ಕದೆ ಒದ್ದಾಡುವಾಗ ಅವನು ಕೇಳಿದ್ದು ಒಂದೇ: "ನನ್ನನ್ನ ಈ ಮರಳಲ್ಲಿ ಬಿಟ್ಬಿಡಬೇಡ ಕಣೇ. ಅಮ್ಮನ ಪಕ್ಕ ಮಲಗ್ಸು. ಆಮೇಲೆ ನೀನೂ ಬಾ. ಜಾಗ ಹಿಡ್ದಿಟ್ಟಿರ್ತೀನಿ." ಬಸ್ಸಿನಲ್ಲಿ ಸೀಟು ಹಿಡಿದಿಡುವವನ ಹಾಗೆ ಹೇಳಿದ್ದ. ಅವಳು ಆಣೆ ಇಟ್ಟಿದ್ದಳು.

ಆ ಜಾಗದ ಮಾತು ಅಷ್ಟು ಸುಲಭದ್ದಲ್ಲ. ಫಾರಾಳ ಮುತ್ತಜ್ಜಿ ಇದೇ ಬೆಟ್ಟದ ಸೀಮೆಯಲ್ಲಿ ದೊಡ್ಡ ಮನೆಗಳಿಗೆ ನೀರು ಹೊರುತ್ತಿದ್ದ ಆಳಿನ ಕುಲದವಳು. ಆಳುಗಳನ್ನು ಬಿಡುಗಡೆ ಮಾಡಿದಾಗ ಹಿಂದಿರುಗಿ ನೋಡದೆ ಕರಾವಳಿಗೆ ಇಳಿದಿದ್ದಳು. ಅದಾಗಿ ನೂರು ವರ್ಷ ದಾಟಿದೆ. ಬೆಟ್ಟದವರು ಇದನ್ನು ಯಾರ ಮುಖಕ್ಕೂ ಹೇಳುವುದಿಲ್ಲ. ಬಹಳ ನಾಜೂಕು ಜನ. ತಲೆಗೂದಲು ನೋಡುತ್ತಾರೆ, ಗುಂಗುರು ಕಂಡರೆ ಮುಗುಳ್ನಗುತ್ತಾರೆ, ಕಾಫಿ ಕೊಡುತ್ತಾರೆ, ಮದುವೆಯ ಮಾತು ಮಾತ್ರ ಅಲ್ಲಿಗೇ ನಿಂತುಹೋಗುತ್ತದೆ. ನಾರಿವೆಲು ಆ ನಾಜೂಕಿನ ಕಪಾಳಕ್ಕೆ ಬಾರಿಸಿದ ಹಾಗೆ ಫಾರಾಳನ್ನು ಮದುವೆಯಾದ. ಇಪ್ಪತ್ತೆರಡು ವರ್ಷದಲ್ಲಿ ರವಾಹಂಗಿ ಒಂದು ಸಲವೂ ಬೆಟ್ಟ ಇಳಿದು ಬರಲಿಲ್ಲ.

ವ್ಯಾನು ಏಳು ಗಂಟೆಗೆ ಹೊರಟಿತು. ಹದಿನೆಂಟು ಸೀಟಿಗೆ ಇಪ್ಪತ್ತಾರು ಜನ. ಫಾರಾಳ ಪಕ್ಕದಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬ ಮುದುಕಿ ಕೂತಿದ್ದಳು. ಮೈಯಲ್ಲಿ ಹಿಡಿ ಮಾಂಸವಿಲ್ಲ, ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಮರಿಮಗ ಹುಟ್ಟಿದ್ದಾನಂತೆ, ನಾಮಕರಣಕ್ಕೆ ಹೋಗುತ್ತಿದ್ದಾಳಂತೆ.

"ಮೇಲೆ ತಾನಾ ಪಟ್ಟಣದಲ್ಲಿ ಚಳಿ ಕಣಮ್ಮಾ. ಇಷ್ಟು ತೆಳ್ಳಗಿಂದು ಹೊದ್ಕೊಂಡು ಹೊರಟಿದೀಯಲ್ಲ, ಹುಚ್ಚಿ! ತಗೋ, ಬಿಸಿ ಇದೆ" ಎಂದು ಎಲೆಯಲ್ಲಿ ಸುತ್ತಿದ್ದ ಎರಡು ಅಕ್ಕಿ ಪಡ್ಡು ತೆಗೆದು ಫಾರಾಳ ಕೈಗಿಟ್ಟಳು. ಫಾರಾ ಒಂದನ್ನು ತಿಂದು ಒಂದನ್ನು ಮಡಿಲಿಗೆ ಹಾಕಿಕೊಂಡಳು. ಬೆಳಗ್ಗಿನಿಂದ ಯಾರೂ ಅವಳೊಂದಿಗೆ ಅಷ್ಟು ಅಕ್ಕರೆಯಿಂದ ಮಾತಾಡಿರಲಿಲ್ಲ.

ಘಾಟಿಯ ಅರ್ಧದಲ್ಲಿ ವ್ಯಾನು ಕೆಮ್ಮಿ ನಿಂತುಹೋಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಮಂಜು ತುಂಬಿದ ಕಣಿವೆ. ಡ್ರೈವರ್ ಇಳಿದ, ಬಾನೆಟ್ಟು ಎತ್ತಿದ, ಏನೇನೋ ತಿರುಗಿಸಿದ, ಬೈದ. ಒಂದು ಗಂಟೆ ಕಳೆಯಿತು. ಕೊನೆಗೆ ಎಣ್ಣೆ ಮೆತ್ತಿದ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲು ತೆರೆದು, ಒಬ್ಬೊಬ್ಬರ ಮುಖವನ್ನೇ ನೋಡಿದ.

"ಯಾರ ಹತ್ರ ಇದೆ? ಈಗ್ಲೇ ಹೇಳ್ಬಿಡಿ."

ಏನು ಎಂದು ಯಾರೂ ಕೇಳಲಿಲ್ಲ. ಈ ತಿರುವಿನ ಮೇಲೆ ಒಬ್ಬ ಹಳೆಯ ಒಡೆಯನ ಸಮಾಧಿ ಇದೆ, ಹಂದಿ ಮಾಂಸ ಇದನ್ನು ದಾಟುವಂತಿಲ್ಲ ಎಂದು ಈ ದಾರಿಯಲ್ಲಿ ಓಡಾಡುವವರೆಲ್ಲ ನಂಬುತ್ತಾರೆ. ಎಲ್ಲರೂ ಅವರವರ ಚೀಲ ಬಿಚ್ಚತೊಡಗಿದರು. ಗಾಡಿ ಯಾಕೆ ನಿಂತಿದೆ ಎಂದು ಅವಳಿಗೆ ಗೊತ್ತಿತ್ತು. ಅದು ಹಂದಿಯಲ್ಲ. ಅದು ಮೇಲೆ, ಕೋಳಿ ಬುಟ್ಟಿಯ ಕೆಳಗೆ, ಚಾಪೆಯೊಳಗೆ ಮಲಗಿತ್ತು. ಬದುಕಿದವರ ಜೊತೆ ಕೂರಿಸಿ ತಂದಿದ್ದಕ್ಕೆ ಮುನಿಸಿಕೊಂಡಿತ್ತು.

'ನಿನ್ನ ಕಾಲಿಗೆ ಬೀಳ್ತೀನಿ, ಸುಮ್ನಿರು ಮಾರಾಯ. ಇವತ್ತೊಂದು ದಿನ ಸುಮ್ನಿರು' ಎಂದು ಅವಳು ಮನಸ್ಸಿನಲ್ಲೇ ಗಂಡನನ್ನು ಬೇಡಿಕೊಂಡಳು.

ಕಂಡಕ್ಟರ್ ಮುದುಕಿಯ ಬುಟ್ಟಿಗೆ ಕೈ ಹಾಕಿದ. ಮಗುವಿನ ಬಟ್ಟೆಯ ಕೆಳಗಿನಿಂದ ಎಲೆಯಲ್ಲಿ ಕಟ್ಟಿದ ಒಂದು ಗಂಟು ಹೊರಬಂತು. ಬಿಚ್ಚಿದರೆ ಹೊಗೆಯಲ್ಲಿ ಒಣಗಿಸಿದ ಹಂದಿ ಮಾಂಸ.

"ನಾಮಕರಣಕ್ಕೆ ಕಣಪ್ಪಾ. ಚೂರೇ ಚೂರು. ನಂಗೆ ಗೊತ್ತಿರ್ಲಿಲ್ಲ..."

"ತಲೆ ಪೂರ್ತಿ ಬೆಳ್ಳಗಾಗಿದೆ, ಗೊತ್ತಿರ್ಲಿಲ್ವಂತೆ!" ಎಂದು ಹಿಂದಿನ ಸೀಟಿನವನು ಚೀರಿದ. "ನಮ್ಮನ್ನೆಲ್ಲ ಕಣಿವೆಗೆ ತಳ್ಳೋಕೆ ಬಂದಿದೀಯಾ ಮುದುಕಿ?"

ಮಾಂಸ ಕಣಿವೆಗೆ ಹೋಯಿತು. ಗಾಡಿ ಸ್ಟಾರ್ಟ್ ಆಗಲಿಲ್ಲ. ಬುಟ್ಟಿಯೂ ಹೋಯಿತು, ಅದರಲ್ಲಿದ್ದ ಮಗುವಿನ ಬಟ್ಟೆಯೂ ಹೋಯಿತು. ಆಗಲೂ ಸ್ಟಾರ್ಟ್ ಆಗಲಿಲ್ಲ. ಆಗ ಯಾರೋ, "ಅವಳ ಕೈಗೂ ಅಂಟಿದೆಯಲ್ಲ" ಎಂದರು. ಅಷ್ಟು ಸಾಕಾಯಿತು. ಮುದುಕಿಯನ್ನು ಕೈ ಹಿಡಿದು ಇಳಿಸಿದರು. ಯಾರೂ ಹೊಡೆಯಲಿಲ್ಲ, ಈಗ ಬಯ್ಯಲೂ ಇಲ್ಲ. ಹಿಂದೆ ಬರುವ ಲಾರಿ ಹತ್ತಿಕೊಂಡು ಬಾ ಅಜ್ಜಿ ಎಂದು ಸಮಾಧಾನವಾಗಿಯೇ ಹೇಳಿದರು. ಹಿಂದೆ ಬರುವ ಯಾವ ಲಾರಿಯವನೂ ಈ ತಿರುವಿನಲ್ಲಿ ಇಳಿಸಲ್ಪಟ್ಟವಳನ್ನು ಹತ್ತಿಸಿಕೊಳ್ಳುವುದಿಲ್ಲ ಎಂದು ಹೇಳಿದವರಿಗೂ ಗೊತ್ತು, ಕೇಳಿದವಳಿಗೂ ಗೊತ್ತು.

ಮುದುಕಿ ಕಿಟಕಿಯ ಹೊರಗೆ ನಿಂತು ಫಾರಾಳ ಕಡೆ ನೋಡಿದಳು. "ನೀನಾದ್ರೂ ಒಂದ್ಮಾತು ಹೇಳಮ್ಮ."

ಫಾರಾ ತನ್ನ ಕಾಲಬೆರಳು ನೋಡಿಕೊಂಡಳು.

ಡ್ರೈವರ್ ಕೀಲಿ ತಿರುಗಿಸಿದ. ಎಂಜಿನ್ನು ಗಡಗಡ ಎಂದು ಎದ್ದಿತು. ಒಳಗಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಫಾರಾಳೂ ತಟ್ಟಿದಳು. ಇನ್ನೆರಡು ತಿರುವು ದಾಟುವಷ್ಟರಲ್ಲಿ ಅವಳಿಗೂ ಅದು ಹಂದಿಯಿಂದಲೇ ಆದದ್ದಿರಬೇಕು ಎನ್ನಿಸತೊಡಗಿತು. ಹಸಿವಾದಾಗ ಮಡಿಲಲ್ಲಿದ್ದ ಇನ್ನೊಂದು ಪಡ್ಡನ್ನು ತೆಗೆದು ತಿಂದಳು.

ತಾನಾ ತಲುಪಿದಾಗ ಮಧ್ಯಾಹ್ನ ಒಂದು ಗಂಟೆ. ಅಂತನನರಿವೊ ಎಂಬ ಪೂರ್ತಿ ಹೆಸರು ಹೇಳುವಷ್ಟು ಪುರಸೊತ್ತು ಆ ಊರಿನಲ್ಲಿ ಯಾರಿಗೂ ಇಲ್ಲ. ಪುರಸೊತ್ತು ಇರುವುದು ರಸ್ತೆಗೆ ಮಾತ್ರ. ನಿಲ್ದಾಣದಿಂದ ಫಾರಾ ಹತ್ತಿದ ಊರೊಳಗಿನ ವ್ಯಾನು ಎರಡು ಫರ್ಲಾಂಗು ಹೋಗಿ ನಿಂತಿತು. ಮುಂದೆ ವ್ಯಾನು, ಹಿಂದೆ ವ್ಯಾನು, ನಡುವೆ ಎತ್ತಿನ ಗಾಡಿ. ಡ್ರೈವರ್ ಎಂಜಿನ್ ಆರಿಸಿ ಇಳಿದು ಹೋಗಿ ರಸ್ತೆಬದಿಯಲ್ಲಿ ಕಾಫಿ ಕುಡಿದು ಬಂದ. ಕಿಟಕಿಯಲ್ಲಿ ಕೈ ತೂರಿಸಿ ಕಾಲುಚೀಲ, ಪೊರಕೆ, ನಾಯಿಮರಿ ಎಲ್ಲ ಮಾರಿಕೊಂಡು ಹೋದರು. ಸುರುಳಿಯನ್ನು ನೆಟ್ಟಗೆ ತಬ್ಬಿಕೊಂಡು ಕೂತ ಫಾರಾಳನ್ನು ಸುತ್ತಲಿನವರು ಮೊಣಕೈಯಲ್ಲಿ ತಿವಿಯುತ್ತಿದ್ದರು.

"ಎರಡು ಜನರ ಜಾಗ ತಿಂತಿದೀಯಲ್ಲಮ್ಮ" ಎಂದಳು ಪಕ್ಕದವಳು.

ಎರಡು ಜನ ಇದ್ದೇವಲ್ಲ ಎಂದು ನಾಲಿಗೆ ತುದಿಗೆ ಬಂದದ್ದನ್ನು ಫಾರಾ ನುಂಗಿಕೊಂಡಳು. ಗಂಟೆ ಎರಡಾದರೂ ವ್ಯಾನು ಅಲ್ಲೇ ಇತ್ತು. ಜುಲೈ ತಿಂಗಳಲ್ಲಿ ಬೆಟ್ಟದ ಮೇಲೆ ಐದೂವರೆಗೆಲ್ಲ ಹೊತ್ತು ಮುಳುಗುತ್ತದೆ. ಅವಳು ಇಳಿದು, ಸುರುಳಿಯನ್ನು ತಲೆಯ ಮೇಲಿಟ್ಟುಕೊಂಡು ನಡೆಯತೊಡಗಿದಳು.

ಅನಲಕೇಲಿ ಸಂತೆಯ ಕೊನೆಯಲ್ಲಿ, ಮೇಲಿನ ಪೇಟೆಗೆ ಹತ್ತುವ ಕಲ್ಲು ಮೆಟ್ಟಿಲುಗಳ ಬುಡದಲ್ಲಿ, ಚಾಪೆ ಮಾರುವ ಹೆಂಗಸರ ಸಾಲು. ಅವರು ಫಾರಾಳನ್ನು ದೂರದಿಂದಲೇ ಕಂಡರು.

"ಏ ಕರಾವಳಿ! ಎಲ್ಲಿಗೆ ಹೊರಟೆ ಚಾಪೆ ಹೊತ್ಕೊಂಡು?"

"ಮಾರೋಕಲ್ಲ ತಾಯಿ. ದಾರಿ ಬಿಡಿ, ಹೊತ್ತಾಗ್ತಿದೆ."

"ಎಲ್ಲರೂ ಹಂಗೇ ಅಂತಾರೆ. ಮಾರೋಕಲ್ಲ ಅಂತ ಬರ್ತಾರೆ, ಮೂಲೇಲಿ ಬಿಚ್ಕೊಂಡು ಕೂರ್ತಾರೆ. ನಾವಿಲ್ಲಿ ನೊಣ ಹೊಡೀಬೇಕಾ?" ದಪ್ಪನೆಯವಳೊಬ್ಬಳು ಎದ್ದು ಬಂದು ಸುರುಳಿಯನ್ನು ಕೆಳಕ್ಕೆಳೆದಳು. ಇನ್ನೊಬ್ಬಳ ಚಾಕು ಮೂರೂ ಹಗ್ಗವನ್ನು ಕತ್ತರಿಸಿತು, ಹೊರಗಿನ ಚಾಪೆ ಬಿಚ್ಚಿಕೊಂಡಿತು. "ಒಳ್ಳೇ ಹೆಣಿಗೆ ಕಣ್ರೇ, ನೋಡಿ ಇಲ್ಲಿ!"

"ಮುಟ್ಬೇಡಿ! ಒಳಗೆ ನನ್ನ ಗಂಡ ಇದಾನೆ!"

ದಪ್ಪನೆಯವಳು ಗಹಗಹಿಸಿ ನಕ್ಕಳು. "ಹೌದಾ? ನನ್ ಗಂಡನ್ನೂ ಹಿಂಗೇ ಸುತ್ತಿಡ್ಬೇಕು ಕಣೇ, ಕುಡ್ಕೊಂಡು ಊರೆಲ್ಲಾ ಬಿದ್ದಿರ್ತಾನೆ." ನಗುತ್ತಲೇ ಎರಡನೇ ಚಾಪೆ ಬಿಚ್ಚಿದಳು, ಮೂರನೆಯದರ ಅಂಚು ಎತ್ತಿ ಸುರುಳಿಯ ತುದಿಯಿಂದ ಒಳಗೆ ಇಣುಕಿದಳು. ಹಳೆಯ ಬಟ್ಟೆ ಕಂಡಿತು. ಬಟ್ಟೆಯ ಮಡಿಕೆಯಲ್ಲಿ ಒಂದು ಬೆರಳಿನ ಮೂಳೆ ಕಂಡಿತು. ಚಾಕು ಕೆಳಗೆ ಬಿತ್ತು.

ಸಂತೆಯ ಆ ಭಾಗ ಹೇಗೆ ಖಾಲಿಯಾಯಿತೋ ದೇವರಿಗೇ ಗೊತ್ತು. ಮೆಟ್ಟಿಲು ಇಳಿಯುತ್ತಿದ್ದವರೂ ಹಿಂದಕ್ಕೆ ಹತ್ತಿದರು. ಆದರೂ ಹೆದರಿ ಓಡುವ ಗಡಿಬಿಡಿಯಲ್ಲೇ ಬಿಚ್ಚಿದ್ದ ಎರಡು ಚಾಪೆಗಳು ಯಾರದೋ ಕಂಕುಳು ಸೇರಿಬಿಟ್ಟಿದ್ದವು. ಸತ್ತವನಿಗೆ ಹೆದರಿದರು, ಅವನ ಚಾಪೆಗಲ್ಲ. ಫಾರಾ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಉಳಿದ ಮೂರನ್ನು ಬಿಗಿಯಾಗಿ ಸುತ್ತಿ, ಸೊಂಟಕ್ಕೆ ಸುತ್ತಿಕೊಂಡಿದ್ದ ವಸ್ತ್ರದ ಅಂಚು ಹರಿದು ಕಟ್ಟಿದಳು. ಸಹಾಯಕ್ಕೆ ಒಂದು ಕೈಯೂ ಬರಲಿಲ್ಲ. ಅಳು ಬಂತು, ಆದರೆ ಅಳುತ್ತ ಕೂರುವಷ್ಟು ಹೊತ್ತು ಇರಲಿಲ್ಲ.

ಮೆಟ್ಟಿಲು ಹತ್ತಿ ಮೇಲಿನ ಪೇಟೆ ಸೇರಿದಾಗ ಮಂಡಿಗಳು ಬೆಂಕಿಯಾಗಿದ್ದವು. ಅಲ್ಲಿ ಟೋಪಿ ಹಾಕಿದ ಒಬ್ಬ ಸಭ್ಯ ಮುದುಕರನ್ನು ಕಂಡು ಗಂಡನ ಊರು ಅಂಬುಹಿಬೇಗೆ ವ್ಯಾನು ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ತಾನಾದ ಸಭ್ಯರು ನನಗೆ ಗೊತ್ತಿಲ್ಲ ಎಂಬ ಒರಟು ಮಾತನ್ನು ಎಂದೂ ಆಡುವುದಿಲ್ಲ. ಅವರು ಟೋಪಿ ತೆಗೆದು, ನಕ್ಕು, ಕೈಯಲ್ಲಿ ಗಾಳಿಯ ಮೇಲೆ ನಕ್ಷೆ ಬರೆದು, ಅವಳನ್ನು ತೀರಾ ತಪ್ಪು ದಿಕ್ಕಿಗೆ ಕಳಿಸಿದರು. ಇಳಿದದ್ದನ್ನು ಮತ್ತೆ ಹತ್ತಬೇಕಾಯಿತು. ಮುಕ್ಕಾಲು ಗಂಟೆ ಮಣ್ಣುಪಾಲಾಯಿತು. ಕೊನೆಗೆ ಊರ ನಡುವಿನ ಕೆರೆಯ ಆಚೆ ಬದಿಯಲ್ಲಿ, ಸಂತೆಯ ಸುದ್ದಿ ಇನ್ನೂ ತಲುಪದ ಕಡೆ, ಅವಳಿಗೆ ಸರಿಯಾದ ವ್ಯಾನು ಸಿಕ್ಕಿತು. ಚಾಪೆ ಮಾರುವವಳು ಎಂದುಕೊಂಡು ಕಂಡಕ್ಟರ್ ಹತ್ತಿಸಿಕೊಂಡ.

ಅಂಬುಹಿಬೇ ಗುಡ್ಡದ ಬುಡದಲ್ಲಿ ಇಳಿದಾಗ ಸೂರ್ಯ ಬೆಟ್ಟದ ಸಾಲಿನಿಂದ ಎರಡು ಮೊಳ ಮೇಲಿದ್ದ. ಕೊಳಲು, ತಮಟೆ, ತುತ್ತೂರಿಯ ಸದ್ದು ಕೇಳಿಸುತ್ತಿತ್ತು. ಬಾಜಾ ನಿಂತಿಲ್ಲ ಎಂದರೆ ಗೋರಿಯ ಬಾಗಿಲು ಮುಚ್ಚಿಲ್ಲ. ಫಾರಾ ಓಡಿದಳು. ಆ ಮಂಡಿಯಲ್ಲಿ ಹೇಗೆ ಓಡಿದಳೋ, ಓಡಿದಳು.

ಗೋರಿಯ ಅಂಗಳದಲ್ಲಿ ನೂರಾರು ಜನ. ಹೊಸ ರೇಷ್ಮೆ ಸುತ್ತಿಸಿಕೊಂಡ ಪೂರ್ವಿಕರನ್ನು ಹೆಗಲ ಮೇಲೆ ಹೊತ್ತು ಕುಣಿಸಿ ಒಬ್ಬೊಬ್ಬರನ್ನೇ ಒಳಗೆ ಮಲಗಿಸುತ್ತಿದ್ದರು. ಕಪ್ಪು ಕೊಡೆಯ ನೆರಳಲ್ಲಿ, ಬಿಳಿ ಶಾಲು ಹೊದ್ದು, ಎಪ್ಪತ್ತರ ಆಸುಪಾಸಿನ ಒಬ್ಬಾಕೆ ನೆಟ್ಟಗೆ ನಿಂತಿದ್ದಳು. ನಾರಿವೆಲುವಿನದೇ ಮೂಗು, ನಾರಿವೆಲುವಿನದೇ ಹಣೆ. ಪರಿಚಯ ಬೇಕಾಗಲಿಲ್ಲ.

"ಅತ್ತಿಗೆ, ತಂದಿದೀನಿ" ಎಂದಳು ಫಾರಾ. ಉಸಿರು ಸಿಗುತ್ತಿರಲಿಲ್ಲ.

ರವಾಹಂಗಿ ಅವಳ ಮುಖ ನೋಡಲಿಲ್ಲ. ಸುರುಳಿಯನ್ನು ನೋಡಿದಳು. "ತಮ್ಮಾ" ಎಂದಳು. "ಬಂದ್ಯಾ ತಮ್ಮಾ? ಇಷ್ಟು ಹೊತ್ತು ಮಾಡ್ಬಿಟ್ಯಲ್ಲೋ." ಚಾಪೆಯ ಮೇಲೆ ಕೈಯಾಡಿಸಿ ಬಿಕ್ಕಿದಳು. ಆ ಅಳು ಸುಳ್ಳಲ್ಲ. ಅದನ್ನು ನೋಡಿ ಫಾರಾಳ ಎದೆ ಕರಗಿಹೋಯಿತು, ಇಪ್ಪತ್ತೆರಡು ವರ್ಷದ ಸಿಟ್ಟೆಲ್ಲ ಒಂದು ಕ್ಷಣ ಮರೆತುಹೋಯಿತು.

ಚಾಪೆ ಬಿಚ್ಚಿದರು. ಹಳೆಯ ಬಟ್ಟೆಯನ್ನು ಬಿಚ್ಚುವಂತಿಲ್ಲ, ಅದರ ಮೇಲೆಯೇ ಎರಡು ಸುತ್ತು ರೇಷ್ಮೆ ಸುತ್ತಿದರು. ನಾರಿವೆಲುವಿನ ತಮ್ಮ ಲಾಂತು, ಬೋಳುತಲೆಯ ಮೆದು ಮಾತಿನ ಮೇಷ್ಟ್ರು, ಅಣ್ಣನನ್ನು ಹೆಗಲಿಗೇರಿಸಿಕೊಂಡ. ಬಾಜಾ ಜೋರಾಯಿತು. ಫಾರಾಳೂ ಒಂದು ತುದಿ ಹಿಡಿಯಲು ಕೈ ಚಾಚಿದಳು.

"ನೀನು ಗೋಡೆ ಆಚೆ ನಿಂತ್ಕೋಮ್ಮ" ಎಂದಳು ರವಾಹಂಗಿ, ಬಹಳ ಮೃದುವಾಗಿ. "ನೂಕುನುಗ್ಗಲು. ಬಿದ್ಗಿದ್ದೀಯಾ."

ಸೊಂಟದೆತ್ತರದ ಕಲ್ಲುಗೋಡೆ. ಅದರಾಚೆ ನಿಂತು ಫಾರಾ ಗಂಡ ಕುಣಿಯುವುದನ್ನು ನೋಡಿದಳು. ಏಳು ಸುತ್ತು ಗೋರಿ ಸುತ್ತಿ ಅವನು ಒಳಗೆ ಹೋದ. "ಅಮ್ಮನ ಪಕ್ಕ!" ಎಂದು ಒಳಗಿನಿಂದ ಯಾರೋ ಕೂಗಿ ಹೇಳಿದರು. ಫಾರಾ ಕಣ್ಣು ಮುಚ್ಚಿಕೊಂಡಳು. ಆಣೆ ತೀರಿತ್ತು. ಸಾಯುವವರೆಗೆ ನೆಮ್ಮದಿಯಾಗಿ ಉಸಿರಾಡಬಹುದಿತ್ತು. ಅಲ್ಲಿಂದಲೇ ತಿರುಗಿ ಗುಡ್ಡ ಇಳಿದುಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಕಲ್ಲಿನ ಬಾಗಿಲು ಎಳೆದು ಸಂದಿಗೆಲ್ಲ ಕೆಸರು ಮೆತ್ತಿದರು. ಹುಡುಗಿಯರು ಅನ್ನ, ಕೊಬ್ಬು ಹೊಳೆಯುವ ಮಾಂಸ ಬಡಿಸತೊಡಗಿದರು. ಫಾರಾಳ ಕಡೆ ಯಾರೂ ಬರಲಿಲ್ಲ. ಅವಳು ಗೋಡೆಗೆ ಒರಗಿ ರವಾಹಂಗಿಯನ್ನು ಕರೆದಳು.

"ಅತ್ತಿಗೆ, ಒಂದ್ಮಾತು. ನಿಮ್ಮ ತಮ್ಮ ಹೇಳಿದ್ರು, ಆಮೇಲೆ ನಂಗೂ ಅಲ್ಲಿ ಅವರ ಪಕ್ಕ... ಏಳು ವರ್ಷಕ್ಕೋ, ಹದಿನಾಲ್ಕಕ್ಕೋ, ಯಾವಾಗಾದ್ರೂ ಆಗ್ಲಿ. ಜಾಗ ಇದೆ ಅಂದಿದ್ರು."

ರವಾಹಂಗಿ ಅವಳನ್ನು ಮೊದಲ ಸಲ ನೆಟ್ಟಗೆ ನೋಡಿದಳು. ಮುಖವನ್ನಲ್ಲ, ಓಡಿ ಬಂದು ಕೆದರಿದ್ದ ತಲೆಗೂದಲನ್ನು. ಮುಗುಳ್ನಕ್ಕಳು.

"ಅವನಿಗೆ ಮೊದಲಿಂದ್ಲೂ ತಮಾಷೆ ಜಾಸ್ತಿ" ಎಂದಳು. ಬಾಳೆಲೆಯಲ್ಲಿ ಕಟ್ಟಿದ ಒಂದು ಪೊಟ್ಟಣವನ್ನು ಗೋಡೆಯ ಮೇಲಿಟ್ಟು ಇತ್ತ ತಳ್ಳಿದಳು. "ತಗೋ. ಹೊತ್ತವರ ಪಾಲು. ಹೆಣ ಹೊತ್ತು ತಂದ ಆಳುಗಳಿಗೆ ಒಂದು ತುಂಡು ಮಾಂಸ ಕೊಡೋದು ನಮ್ಮ ಮನೆ ಪದ್ಧತಿ. ಅಷ್ಟು ದೂರದಿಂದ ಚೆನ್ನಾಗಿ ಹೊತ್ತಿದೀಯ. ಹೊರೋದು ನಿಮ್ಮವರಿಗೆ ರಕ್ತದಲ್ಲೇ ಬಂದಿರುತ್ತೆ, ಅಲ್ವಾ? ಕತ್ತಲಾಗೋ ಮುಂಚೆ ವ್ಯಾನು ಹಿಡಿ, ಹೋಗು."

ಸುತ್ತ ನಾಲ್ಕೈದು ಹೆಂಗಸರು ತಟ್ಟೆ ನೋಡಿಕೊಂಡು ನಕ್ಕರು. ಫಾರಾಳ ಮೈಯೆಲ್ಲ ಉರಿದುಹೋಯಿತು. ಬೆಳಗ್ಗಿನಿಂದ ಹಲ್ಲು ಕಚ್ಚಿ ಹಿಡಿದಿದ್ದ ಬಾಯಿ ತಾನಾಗಿ ತೆರೆದುಕೊಂಡಿತು.

"ಅತ್ತಿಗೆ, ಒಳಗೆ ಯಾರನ್ನ ಮಲಗಿಸಿದ್ರಿ ಗೊತ್ತಾ?"

ರವಾಹಂಗಿ ತಿರುಗಿ ನೋಡಿದಳು.

"ನಿಮ್ಮ ತಮ್ಮ ಇನ್ನೂ ತಮತಾವಿನ ಮರಳಲ್ಲೇ ಇದಾರೆ. ನಾನು ಸತ್ರೆ ಅವರ ಪಕ್ಕ ಅಲ್ಲೇ ಮಲಗ್ತೀನಿ. ನೀವು ರೇಷ್ಮೆ ಹೊದಿಸಿ, ತಮ್ಮಾ ತಮ್ಮಾ ಅಂತ ಅತ್ತು, ಹೆಗಲ ಮೇಲೆ ಹೊತ್ತು ಕುಣಿಸಿದ್ದು ನಮ್ಮಪ್ಪನ್ನ! ಆಳಿನ ಕುಲದವನ್ನ! ನಿಮ್ಮಮ್ಮನ ಪಕ್ಕ ನಮ್ಮಪ್ಪ ಮಲಗಿದಾನೆ. ಏಳು ವರ್ಷ ಮಲಗ್ತಾನೆ. ಈಗ ಹೇಳಿ, ಹೊರೋದು ಯಾರ ರಕ್ತದಲ್ಲಿದೆ?"

ತಟ್ಟೆ ಹಿಡಿದವರ ಕೈ ಬಾಯಿಯ ಹತ್ತಿರವೇ ನಿಂತಿತು.

ಅದು ಸುಳ್ಳು. ಒಂದಕ್ಷರವೂ ನಿಜವಲ್ಲ. ಅವಳ ಅಪ್ಪ ಬೋಟು ಮುಗುಚಿ ಕಡಲಪಾಲಾದವನು, ಅವನ ಒಂದು ಕೂದಲೂ ಸಿಕ್ಕಿರಲಿಲ್ಲ. ಆದರೆ ರವಾಹಂಗಿಯ ಮುಖದಿಂದ ರಕ್ತ ಇಳಿದು ಹೋಗುವುದನ್ನು ನೋಡುವಾಗ ಫಾರಾಗೆ ಆದ ಸುಖವಿದೆಯಲ್ಲ, ಅಂಥ ಸುಖವನ್ನು ಅವಳು ಮದುವೆಯ ದಿನವೂ ಕಂಡಿರಲಿಲ್ಲ. ಹೊಟ್ಟೆಯೊಳಗೆ ಬೆಲ್ಲದ ಪಾನಕ ಇಳಿದ ಹಾಗಿತ್ತು.

ರವಾಹಂಗಿ ಕಿರುಚಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಕೊಡೆಯನ್ನು ಪಕ್ಕಕ್ಕೆ ಸರಿಸಿ, ಕಣ್ಣಿಗೆ ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡಿದಳು. ಅವನು ಬೆಟ್ಟದ ಅಂಚಿನಿಂದ ಇನ್ನೂ ಒಂದು ಗೇಣು ಮೇಲಿದ್ದ.

"ಲಾಂತು, ಹೊತ್ತು ಮುಳುಗಿಲ್ಲ. ದಿನ ಇನ್ನೂ ನಮ್ದೇ. ಗುದ್ದಲಿ ತಗೋ."

ಆಗ ಫಾರಾಗೆ ತಾನು ಮಾಡಿಕೊಂಡದ್ದು ಏನೆಂದು ತಿಳಿಯಿತು. ಇನ್ನು ಅರ್ಧ ಗಂಟೆ ನಾಲಿಗೆ ಬಿಗಿಹಿಡಿದಿದ್ದರೆ ಸೂರ್ಯ ಮುಳುಗುತ್ತಿದ್ದ. ಮುಳುಗಿದ ಮೇಲೆ ಏನು ಕೂಗಿದ್ದರೂ ಆ ಬಾಗಿಲನ್ನು ಮುಟ್ಟುವ ಧೈರ್ಯ ಇವರಲ್ಲಿ ಒಬ್ಬರಿಗೂ ಇರುತ್ತಿರಲಿಲ್ಲ. ಅವಳು ಗೋಡೆ ಹತ್ತಲು ಹೋದಳು. ಇಬ್ಬರು ಗಂಡಸರು ತೋಳು ಹಿಡಿದು ಹಿಂದಕ್ಕೆಳೆದರು.

"ಸುಳ್ಳು ಹೇಳ್ದೆ! ಸಿಟ್ಟಲ್ಲಿ ಸುಳ್ಳು ಹೇಳ್ಬಿಟ್ಟೆ ಅತ್ತಿಗೆ! ಅವರೇ ಅದು, ನಿಮ್ಮ ತಮ್ಮಾನೇ ಅದು! ಅನುಮತಿ ಪತ್ರದಲ್ಲಿ ಅವರ ಹೆಸರೇ ಇದೆ! ನಿಮ್ಮ ಕಾಲಿಗೆ ಬೀಳ್ತೀನಿ!"

"ಹೆಸರು ಪತ್ರದ ಮೇಲಿರುತ್ತೆ, ಮೂಳೆ ಮೇಲಿರುತ್ತಾ? ಆಗ ಹೇಳಿದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ? ಒಂದು ತೀರ್ಮಾನ ಮಾಡ್ಕೊಳಮ್ಮ" ಎಂದು ತುತ್ತೂರಿಯವನು ನಕ್ಕ. ಹಸಿ ಕೆಸರು ಗುದ್ದಲಿಯ ಎರಡೇ ಏಟಿಗೆ ಕಳಚಿ ಬಿತ್ತು. ಕಲ್ಲು ಸರಿಯಿತು. ಲಾಂತು ಒಳಗೆ ಹೋಗಿ ಅಣ್ಣನನ್ನು ಹೊತ್ತು ತಂದು ಅಂಗಳದಲ್ಲಿಟ್ಟ.

"ಎಡಗಾಲು ನೋಡಿ!" ಫಾರಾ ಅರಚಿದಳು. "ಎಡಗಾಲಿನ ಮೂಳೆ ನೋಡಿ! ಚಿಕ್ಕಂದಿನಲ್ಲಿ ಸೀಬೆ ಮರದಿಂದ ಬಿದ್ದು ಮುರ್ಕೊಂಡಿದ್ರಂತೆ. ಕೂಡಿದ ಕಡೆ ಗಂಟಿದೆ. ಬಿಚ್ಚಿ ನೋಡಿ ಒಂದ್ಸಲ, ನಿಮಗೇ ಗೊತ್ತಾಗುತ್ತೆ!"

ಲಾಂತುವಿನ ಮುಖ ಬದಲಾಯಿತು. ಆ ಮರದ ಮೇಲೆ ಅವನೂ ಇದ್ದ. "ಅಕ್ಕಾ" ಎಂದ ಮೆಲ್ಲಗೆ. "ಒಂದ್ಸಲ ನೋಡ್ಬಿಡೋಣ. ಕಾಲು ಒಂದೇ ಸಾಕು."

"ನೋಡು" ಎಂದಳು ರವಾಹಂಗಿ. "ಬಿಚ್ಚು, ಕೈಯಲ್ಲಿ ಹಿಡಿದು ನೋಡು. ಆದರೆ ಅದು ಇವಳಪ್ಪನ ಮೂಳೆ ಆಗಿತ್ತು ಅಂದ್ರೆ, ಆ ಕೈ ಇಟ್ಕೊಂಡು ನೀನು ಸತ್ತ ಮೇಲೂ ಈ ಬಾಗಿಲು ದಾಟೋ ಹಾಗಿಲ್ಲ. ನೀನೂ ದಾಟೋ ಹಾಗಿಲ್ಲ, ನಿನ್ನ ಮಕ್ಕಳೂ ದಾಟೋ ಹಾಗಿಲ್ಲ. ಯೋಚನೆ ಮಾಡಿ ಬಿಚ್ಚು."

ಲಾಂತು ಬಟ್ಟೆಯ ಗಂಟನ್ನು ನೋಡಿದ. ಸೂರ್ಯನನ್ನು ನೋಡಿದ. ದೂರದಲ್ಲಿ ತಟ್ಟೆ ಹಿಡಿದು ನಿಂತಿದ್ದ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ನೋಡಿದ. ಆಮೇಲೆ ಎರಡೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹಿಂದೆ ಸರಿದ.

ರೇಷ್ಮೆಯನ್ನು ಕೋಲಿನಿಂದ ಎತ್ತಿ ಬೆಂಕಿಗೆ ಹಾಕಿದರು. ಹಳೆಯ ಬಟ್ಟೆಯ ಗಂಟನ್ನು ಅವಳ ಚಾಪೆಯ ಮೇಲೆ ಉರುಳಿಸಿ, ಚಾಪೆಯ ಎರಡು ತುದಿ ಹಿಡಿದು ಗೋಡೆಯಾಚೆ ಇಳಿಸಿದರು. ಎಸೆಯಲಿಲ್ಲ. ಬೆಟ್ಟದವರು ಯಾರದೇ ಅಪ್ಪನನ್ನೂ ಎಸೆಯುವವರಲ್ಲ.

"ಅಪ್ಪನ್ನ ಜೋಪಾನವಾಗಿ ಕರ್ಕೊಂಡು ಹೋಗಮ್ಮ" ಎಂದಳು ರವಾಹಂಗಿ. ಅವಳ ಕಣ್ಣು ಒದ್ದೆಯಾಗಿತ್ತು. "ನನ್ನ ತಮ್ಮ ನಿನ್ನಂಥವಳ ಕೈಯಲ್ಲಿ ಆ ಮರಳಲ್ಲಿ ಸಿಕ್ಕಿಹಾಕ್ಕೊಂಡಿದಾನಲ್ಲ, ಅದೇ ನನ್ನ ದುಃಖ."

ಮತ್ತೆ ಕಲ್ಲು ಎಳೆದರು, ಮತ್ತೆ ಕೆಸರು ಮೆತ್ತಿದರು. ಸೂರ್ಯ ಬೆಟ್ಟದ ಹಿಂದೆ ಇಳಿದ. ಜನ ಪಾತ್ರೆಪಗಡ ಎತ್ತಿಕೊಂಡು ಗುಂಪುಗುಂಪಾಗಿ ಗುಡ್ಡ ಇಳಿಯತೊಡಗಿದರು. ಗೋಡೆಯ ಬುಡದಲ್ಲಿ ಕೂತಿದ್ದವಳನ್ನು ಬಳಸಿಕೊಂಡು, ಕಾಲಿಗೆ ಏನೂ ತಾಗದ ಹಾಗೆ ನೋಡಿಕೊಂಡು ಹೋದರು. ಕೊನೆಯವನಾಗಿ ಲಾಂತು ಹೋದ, ಅವನೂ ನಿಲ್ಲಲಿಲ್ಲ.

ಎಲ್ಲರೂ ಹೋದ ಮೇಲೆ ಫಾರಾ ಬಟ್ಟೆಯ ಗಂಟು ಸಡಿಲಿಸಿ ಒಳಗೆ ಕೈ ಹಾಕಿದಳು. ಒಂದೊಂದೇ ಮೂಳೆಯನ್ನು ತಡವಿದಳು. ಎಡಗಾಲಿನ ಉದ್ದನೆಯ ಮೂಳೆ ಕೈಗೆ ಸಿಕ್ಕಿತು, ಅದರ ನಡುವೆ ಕೂಡಿಕೊಂಡ ಗಂಟೂ ಸಿಕ್ಕಿತು. ಅದನ್ನು ಹೊರಗೆಳೆದು ಬಾಗಿಲಿನ ಕಡೆ ಎತ್ತಿ ಹಿಡಿದಳು. ನೋಡುವವರು ಯಾರೂ ಉಳಿದಿರಲಿಲ್ಲ.